ಪೇಪರು ಮುಗಿಯಲಿ

“ಕೂತ್ಕೊಳ್ಳಿ” ಎಂದು ಎರಡು ಸಲ ಹೇಳಿದರೂ ಚೆನ್ನಯ ಕೂರಲಿಲ್ಲ. ಹೋಟೆಲಿನಿಂದ ಓಡೋಡಿ ಬಂದವನು, ಕುರ್ಚಿಯ ಬೆನ್ನು ಹಿಡಿದು ಏದುಸಿರು ಬಿಡುತ್ತಿದ್ದ. ಅವಸರದಲ್ಲಿ ತೊಟ್ಟ ಅಂಗಿಯ ಗುಂಡಿಗಳು ಒಂದೊಂದು ಮನೆ ತಪ್ಪಿ ಕೂತಿದ್ದವು. ಹೆಡ್‌ಮಾಸ್ಟರ್ ತಿರುಮಲೇಶ ಆ ಗುಂಡಿಗಳನ್ನೇ ನೋಡುತ್ತಿದ್ದ. ಮುಖ ನೋಡುವುದಕ್ಕಿಂತ ಅದು ಸುಲಭವಾಗಿತ್ತು.

“ಪೂವಪ್ಪಣ್ಣನ ಮೈಮೇಲೆ ಎಣ್ಣೆಯ ಬಾಣಲೆ ಮಗುಚಿತು ಮಾಷ್ಟ್ರೇ. ಬೆಳಿಗ್ಗೆ ವಡೆ ಕರಿಯುವಾಗ. ಮುಖ, ಎದೆ, ಎಲ್ಲ ಬೆಂದು ಹೋಗಿದೆ. ಪರೇಲಿನ ಆಸ್ಪತ್ರೆಯಲ್ಲಿ ಹಾಕಿದ್ದಾರೆ. ಸಂಜೆವರೆಗೆ ಕಷ್ಟ ಅಂತ ಡಾಕ್ಟ್ರು ಹೇಳಿದ್ರು. ಮಾತು ಉಂಟು, ಪ್ರಜ್ಞೆ ಉಂಟು. ಮಗಳನ್ನು ಕರ್ಕೊಂಡು ಬನ್ನಿ ಅಂತ ಒಂದೇ ಹಟ.”

“ಯಾವ ಮಗಳು?”

“ಅವರಿಗೆ ಇರುದು ಒಬ್ಳೇ ಅಲ್ವಾ? ಪ್ರಫುಲ್ಲಾ. ನಿಮ್ಮ ಹನ್ನೊಂದನೇ ಕ್ಲಾಸಿನಲ್ಲಿ.”

ತಿರುಮಲೇಶನಿಗೆ ಅದು ಗೊತ್ತಿತ್ತು. ಸುಮ್ಮನೆ ಒಂದು ಪ್ರಶ್ನೆಯಷ್ಟು ಹೊತ್ತು ಬೇಕಾಗಿತ್ತು, ಕೇಳಿದ. ಗೋಡೆಯಾಚೆಯ ಹಾಲಿನಲ್ಲಿ ಬೋರ್ಡಿನದಕ್ಕೆ ಮುಂಚಿನ ಪ್ರಿಲಿಮಿನರಿ ಪರೀಕ್ಷೆ ಶುರುವಾಗಿ ಇನ್ನೂ ಅರ್ಧ ಗಂಟೆ ಆಗಿರಲಿಲ್ಲ. ಇತಿಹಾಸದ ಪೇಪರು. ಅಲ್ಲಿಂದ ಒಂದು ಕೆಮ್ಮು, ಒಂದು ಬೆಂಚು ಕಿರುಗುಟ್ಟಿದ ಸದ್ದು ಬಿಟ್ಟರೆ ಬೇರೇನೂ ಕೇಳುತ್ತಿರಲಿಲ್ಲ.

“ಅವರ ಹತ್ತಿರ ಈಗ ಯಾರಿದ್ದಾರೆ?”

“ಸೀನಣ್ಣ ಇದ್ದಾರೆ. ಪ್ರಫುಲ್ಲನ ಮಾವ, ತಾಯಿಯ ತಮ್ಮ.”

“ಒಳ್ಳೇದಾಯ್ತು. ನೀವು ಹೊರಡಿ. ನಾನು ನೋಡ್ಕೋತೀನಿ.”

“ಈಗಲೇ ಕಳಿಸ್ತೀರಲ್ವಾ?”

“ನಾನು ನೋಡ್ಕೋತೀನಿ ಅಂದೆನಲ್ಲ.”

ಚೆನ್ನಯನ ಮುಖ ಸಡಿಲವಾಯಿತು. ಮಾಷ್ಟ್ರು ಹೇಳಿದ ಮೇಲೆ ಮುಗಿಯಿತು. ಅವನ ಕಡೆಯ ಜನಕ್ಕೆ ಮಾಷ್ಟ್ರ ಮಾತೆಂದರೆ ಹಾಗೆ. ಊಟದ ಹೊತ್ತಿಗೆ ಹೋಟೆಲಿನಲ್ಲಿ ಜನ ಇಲ್ಲ, ಪೂವಪ್ಪಣ್ಣನ ಕೆಲಸವೂ ತನ್ನ ತಲೆಯ ಮೇಲೆಯೇ ಎಂದು ತಪ್ಪೊಪ್ಪಿಕೊಳ್ಳುವವನ ಹಾಗೆ ಹೇಳಿ, ಕೈಮುಗಿದು ಮೆಟ್ಟಿಲಿಳಿದು ಹೋದ.

ತಿರುಮಲೇಶ ಎದ್ದ. ಬಾಗಿಲವರೆಗೆ ಹೋದ. ಮತ್ತೆ ಬಂದು ಕೂತ.

ಸೋದರಮಾವ ಹತ್ತಿರವೇ ಇದ್ದಾನೆ ಎನ್ನುವುದು ದೊಡ್ಡ ಸಮಾಧಾನದ ವಿಷಯವಾಗಿತ್ತು. ಈ ತುಳುನಾಡಿನ ಜನರದು ಅಳಿಯಸಂತಾನ. ಮನೆತನ ನಡೆಯುವುದು ತಾಯಿಯ ಕಡೆಯಿಂದ, ಯಜಮಾನ ಅಂದರೆ ಮಾವ. ತಂದೆ ಅಂದರೆ ಹೆಂಡತಿಯ ಮನೆಗೆ ಬಂದುಹೋಗುವ ನೆಂಟ. ಮೈಸೂರಿನಲ್ಲಿ ಎಂ.ಎ. ಓದುವಾಗ ಹಳೆಯ ಗೆಜೆಟಿಯರಿನಲ್ಲಿ ಅವನು ಇದನ್ನೆಲ್ಲ ಓದಿಕೊಂಡಿದ್ದ. ಮುಂಬಯಿಗೆ ಬಂದ ಹೊಸದರಲ್ಲಿ ಮಾಟುಂಗದ ಸಂಘವೊಂದರಲ್ಲಿ ಇದೇ ವಿಷಯವಾಗಿ ಮುಕ್ಕಾಲು ಗಂಟೆ ಭಾಷಣವನ್ನೂ ಮಾಡಿದ್ದ. ಎದುರಿಗೆ ಕೂತಿದ್ದ ತುಳುವರು ತಮ್ಮ ವಿಷಯ ತಮಗೇ ಈಗ ತಿಳಿಯಿತೆನ್ನುವಂತೆ ಚಪ್ಪಾಳೆ ತಟ್ಟಿದ್ದರು. ನಮ್ಮಲ್ಲಿ ತಂದೆ ಮಕ್ಕಳಿಗೆ ಇರುವ ಗಂಟು ಇವರಲ್ಲಿ ಅಷ್ಟು ಬಿಗಿಯಲ್ಲ. ಯಜಮಾನನೇ ಹಾಸಿಗೆಯ ಹತ್ತಿರ ಇರುವಾಗ ಹುಡುಗಿ ಎರಡು ಗಂಟೆ ತಡವಾಗಿ ಹೋದರೆ ಏನು ಮುಳುಗಿಹೋಗುತ್ತದೆ?

ಹೀಗೆ ಯೋಚಿಸುತ್ತಿರುವಾಗ ಪೂವಪ್ಪನ ಮುಖವೂ ಕಣ್ಣೆದುರಿಗೆ ಬಂತು. ಹೆಂಡತಿ ಸತ್ತಾಗ, ಹುಡುಗಿಯನ್ನು ಊರಿಗೆ ಕಳಿಸು ಎಂದು ಮನೆಯವರೆಲ್ಲ ಗಂಟುಬಿದ್ದರೂ ಕೇಳದೆ ವಡಾಲದ ಚಾಳಿನ ಒಂದೇ ಕೋಣೆಯಲ್ಲಿ ಇಟ್ಟುಕೊಂಡು ಸಾಕಿದವನು. ಪರೀಕ್ಷೆಯ ದಿನಗಳಲ್ಲಿ ಮಧ್ಯಾಹ್ನ ಉಪ್ಪಿಟ್ಟಿನ ಡಬ್ಬಿ ಹಿಡಿದು ಗೇಟಿನ ಹತ್ತಿರ ನಿಲ್ಲುವವನು. ಒಳಗೆ ಬನ್ನಿ ಎಂದರೆ, ಮೈಯೆಲ್ಲ ಎಣ್ಣೆ ವಾಸನೆ ಮಾಷ್ಟ್ರೇ, ಇಲ್ಲಿಯೇ ಆದೀತು ಎನ್ನುವವನು. ಆದರೆ ಗೆಜೆಟಿಯರಿನಲ್ಲಿ ಅವನ ವಿಷಯ ಇರಲಿಲ್ಲ.

ಪೇಪರು ಮುಗಿಯಲಿ, ಎಂದುಕೊಂಡ ತಿರುಮಲೇಶ. ನಿರ್ಧಾರ ಮಾಡಿದ ಮೇಲೆ ಬರುವ ಹಗುರ ಬರಲಿಲ್ಲ. ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು ಎನ್ನುತ್ತಾರೆ. ಅವನಿಗೆ ಬೇಕಾಗಿದ್ದದ್ದು ಎರಡೂವರೆ ಗಂಟೆ ಮಾತ್ರ.

ಹಾಲಿಗೆ ಹೋದ. ಮೇಲ್ವಿಚಾರಣೆಗೆ ನಿಂತಿದ್ದ ಸಿದ್ದರಾಮಪ್ಪ, ಗಣಿತದ ಮೇಷ್ಟರು, ವಿಜಾಪುರದ ಕಡೆಯವರು, ಕಿಟಕಿಯಿಂದ ಈ ಕಡೆಗೆ ಬಂದರು.

“ಯಾರ್ರೀ ಸರ ಬಂದಿದ್ದಂವಾ? ಓಡಿ ಬಂದಂಗಿತ್ತು.”

“ಯಾರೋ ಪೇರೆಂಟು.”

ಪ್ರಫುಲ್ಲಾ ಮೂರನೆಯ ಸಾಲಿನಲ್ಲಿ ಕೂತು ಬರೆಯುತ್ತಿದ್ದಳು. ಆಗ ಹನ್ನೊಂದನೇ ಕ್ಲಾಸಿಗಿದ್ದ ಎಸ್ಸೆಸ್ಸಿ ಬೋರ್ಡ್ ಪರೀಕ್ಷೆಗೆ ಈ ಶಾಲೆಯಿಂದ ಕೂರಲಿರುವ ಮೊದಲ ಹುಡುಗಿ. ಶಾಲೆ ನಡೆಸುವ ಕನ್ನಡ ಸಂಘದ ಅಧ್ಯಕ್ಷರು ಎರಡು ಸಭೆಗಳಲ್ಲಿ ಅವಳ ಹೆಸರು ಹೇಳಿದ್ದರು. ಹಾಗೆ ಹೇಳಿಸಿದವನು ತಿರುಮಲೇಶನೇ. ಅವಳು ಪಾಸಾದರೆ ಅದು ಅವಳಿಗಿಂತ ಸ್ವಲ್ಪ ಹೆಚ್ಚಾಗಿ ತನ್ನ ಗೆಲುವು ಎಂದು ಅವನಿಗೆ ಒಳಗೇ ಅನ್ನಿಸುತ್ತಿತ್ತು. ಹಾಗೆ ಅನ್ನಿಸಿದಾಗಲೆಲ್ಲ ಮೂಗಿನ ಮೇಲಿನ ಕನ್ನಡಕ ತೆಗೆದು ಒರೆಸಿಕೊಳ್ಳುತ್ತಿದ್ದ. ಈಗಲೂ ಒರೆಸಿಕೊಂಡ.

ಅವಳು ತಲೆ ಎತ್ತಿದಳು.

“ಸರ್, ಸಪ್ಲಿಮೆಂಟ್.”

ಅವನೇ ಹಾಳೆ ತಂದುಕೊಟ್ಟ. ಅವಳ ಬೆರಳಿನ ತುದಿಗೆ ಮಸಿ ಹತ್ತಿತ್ತು. ಹೇಳುವುದಾದರೆ ಈಗ ಬಗ್ಗಿ, ಕಿವಿಯ ಹತ್ತಿರ, ಒಂದು ನಿಮಿಷ ಹೊರಗೆ ಬಾರಮ್ಮ ಎನ್ನಬೇಕು. ಅಷ್ಟೆ. ನಾಲ್ಕು ಮಾತು. ಅವಳು ಥ್ಯಾಂಕ್ಯೂ ಎಂದು ಮತ್ತೆ ಬರೆಯತೊಡಗಿದಳು. ಇಷ್ಟು ಚೆನ್ನಾಗಿ ಬರೆಯುತ್ತಿರುವವಳನ್ನು ಎಬ್ಬಿಸುವುದು ಕ್ರೌರ್ಯ ಎಂದು ತನಗೆ ತಾನೇ ಹೇಳಿಕೊಂಡ. ಕ್ರೌರ್ಯ ಎನ್ನುವ ಮಾತು ಬಹಳ ಬೇಗ ಸಿಕ್ಕಿತು.

ಆದರೆ ಹೊಟ್ಟೆಯೊಳಗೆ ಇಟ್ಟುಕೊಂಡಿರುವುದೂ ಸಾಧ್ಯವಾಗಲಿಲ್ಲ. ಸಿದ್ದರಾಮಪ್ಪನವರನ್ನು ವರಾಂಡಕ್ಕೆ ಕರೆದು ಹೇಳಿದ. ಹೇಳಿ ಮುಗಿಸುವ ಮೊದಲೇ ಅವರು ಹಾಲಿನ ಕಡೆ ತಿರುಗಿಬಿಟ್ಟಿದ್ದರು.

“ನಿಲ್ಲಿ. ಎಲ್ಲಿಗೆ?”

“ಹುಡುಗೀನ ಕಳಿಸೂಣ ಬರ್ರೀ ಸರ. ಪರೀಕ್ಷಾ ಏನ್ ಓಡಿ ಹೋಗ್ತೈತೇನು? ನಮ್ದ ಪರೀಕ್ಷಾ ಐತಿ, ನಾಡ್ದ ಇನ್ನೊಂದ್ ಪೇಪರ್ ಕೊಟ್ಟು ಬರಸಿದ್ರಾತು.”

“ಒಬ್ಬರಿಗೆ ಹಾಗೆ ಮಾಡಿದರೆ ನಾಳೆ ಎಲ್ಲರೂ ಕೇಳ್ತಾರೆ.”

“ಎಲ್ಲಾರ ಅಪ್ಪನೂ ಸಾಯಾಕ ಹತ್ತ್ಯಾನೇನ್ರೀ?”

“ಮೆತ್ತಗೆ ಮಾತಾಡಿ. ಮಗುವಿನ ಮನಸ್ಸು ಇದು. ಇಂಥ ಸುದ್ದಿ ಹೇಳೋದಕ್ಕೂ ಒಂದು ಕ್ರಮ ಅಂತ ಇರುತ್ತೆ.”

“ಸಾಯೋ ಮನಷಾಗ ನಿಮ್ಮ ಕ್ರಮ ಯಾರ ಹೇಳವ್ರು? ನಿಮಗ ಆಗಲಿಲ್ಲಂದ್ರ ನಾ ಹೇಳ್ತೇನಿ.”

“ಬೇಡ. ಅದು ಹೆಡ್‌ಮಾಸ್ಟರ ಜವಾಬ್ದಾರಿ.”

ಸಿದ್ದರಾಮಪ್ಪ ಅವನನ್ನು ಒಮ್ಮೆ ನೋಡಿದರು. ಅವರದು ಇನ್ನೂ ಖಾಯಂ ಆಗದ ಕೆಲಸ. ಭಾಂಡುಪಿನ ಬಾಡಿಗೆ ಮನೆಯಲ್ಲಿ ನಾಲ್ಕು ಮಕ್ಕಳು. “ನೀವು ಹಿರಿಯರು, ನಿಮ್ಮ ಮರ್ಜಿ” ಎಂದು ಒಳಗೆ ಹೋದರು. ಆಮೇಲೆ ಪರೀಕ್ಷೆ ಮುಗಿಯುವವರೆಗೆ ಅವರು ಮೂರನೆಯ ಸಾಲಿನ ಕಡೆ ತಿರುಗಲಿಲ್ಲ.

ತಿರುಮಲೇಶ ಕೋಣೆಗೆ ಬಂದು ಕ್ರಮದ ಬಗ್ಗೆ ಯೋಚಿಸಿದ. ಮೊದಲು ಕೂರಿಸಬೇಕು. ಬಾಗಿಲು ಮುಚ್ಚಬಾರದು, ಓರೆ ಮಾಡಬೇಕು. ಜವಾನ ದೂಜನನ್ನು ಕರೆದು ಒಂದು ಹೂಜಿ ತಣ್ಣೀರು, ಒಂದು ಗ್ಲಾಸು ತರಿಸಿ ಮೇಜಿನ ಮೇಲೆ ಇಡಿಸಿದ. ಗ್ಲಾಸಿನ ತಳದಲ್ಲಿ ಕೊಳೆ ಇತ್ತು, ತೊಳೆಸಿ ತರಿಸಿದ. ವಾಕ್ಯಗಳನ್ನು ಮನಸ್ಸಿನಲ್ಲೇ ಕಟ್ಟಿದ. ನಿಮ್ಮ ತಂದೆಗೆ ಒಂದು ಸಣ್ಣ ಅಪಘಾತ. ಸಣ್ಣ ಎಂದರೆ ಸುಳ್ಳಾಗುತ್ತದೆ. ದೊಡ್ಡ ಎಂದರೆ ಹೆದರುತ್ತಾಳೆ. ಬರಿ ಅಪಘಾತ ಎಂದಿಟ್ಟುಕೊಂಡ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಇಷ್ಟು ಮಾಡುವ ಹೊತ್ತಿಗೆ ಗಂಟೆ ಒಂದಾಯಿತು.

ಮೇಷ್ಟರಾಗಲು ಅವನು ಕಟ್ಟಿದ್ದ ಬಿ.ಟಿ. ಪರೀಕ್ಷೆ ನಡೆಯುತ್ತಿದ್ದಾಗ ಊರಿನಲ್ಲಿ ಅಪ್ಪ ತೀರಿಕೊಂಡಿದ್ದರು. ಅಣ್ಣ ಸುದ್ದಿಯನ್ನು ಬಚ್ಚಿಟ್ಟು, ಕೊನೆಯ ಪೇಪರು ಮುಗಿದ ಮೇಲೆ ತಿಳಿಸಿದ. ಫಸ್ಟ್ ಕ್ಲಾಸು ಬಂತು. ಅಣ್ಣ ಮಾಡಿದ್ದೇ ಸರಿ ಎಂದು ತಿರುಮಲೇಶ ಆಮೇಲೆ ಎಷ್ಟೋ ಜನರಿಗೆ ಹೇಳಿದ್ದುಂಟು. ಹೆಂಡತಿ ಸರಸ್ವತಿಗೆ ಹೇಳಿದಾಗ ಅವಳು ಮಾತ್ರ, “ಆಗ ನಿಮಗೆ ಏನನ್ನಿಸಿತು?” ಎಂದು ಕೇಳಿದ್ದಳು. ದುಃಖವಾಯಿತು ಎಂದಿದ್ದ. ನಿಜವಾಗಿ ಆಗ ಹಸಿವಾಗಿತ್ತು. ಅಣ್ಣ ಅಳುತ್ತಿದ್ದ, ಇವನು ಅಳು ಬರಲೆಂದು ಕಾದ, ಬರಲಿಲ್ಲ. ಅಲ್ಲಿಂದೀಚೆಗೆ ಅಳುವವರ ಎದುರಿಗೆ ನಿಲ್ಲುವುದೆಂದರೆ ಅವನಿಗೆ ಅಂಗಿ ಬಿಚ್ಚಿ ಬೀದಿಯಲ್ಲಿ ನಿಲ್ಲಿಸಿದಂತಾಗುತ್ತಿತ್ತು. ಹುಡುಗಿ ಅತ್ತರೆ ತಾನು ಎಲ್ಲಿ ನೋಡಬೇಕು, ಕೈಯನ್ನು ಎಲ್ಲಿ ಇಡಬೇಕು? ಯೋಚಿಸಬೇಕಾದದ್ದು ಇದು ಎಂದು ಅವನಿಗೆ ಗೊತ್ತಾಯಿತು. ಯೋಚಿಸಲಿಲ್ಲ.

ಎರಡಕ್ಕೆ ದೂಜ ಗಂಟೆ ಬಾರಿಸಲು ಹೊರಟ.

“ತಡಿ” ಎಂದ ತಿರುಮಲೇಶ. ಬೆಳಿಗ್ಗೆ ಭಾಂಡುಪ್, ವಿಕ್ರೋಳಿ ಕಡೆಯ ಮಕ್ಕಳ ಲೋಕಲ್ ರೈಲು ತಡವಾಗಿ ಪೇಪರು ಹತ್ತು ನಿಮಿಷ ತಡವಾಗಿ ಶುರುವಾಗಿತ್ತು. “ಹತ್ತು ನಿಮಿಷ ಹೆಚ್ಚು ಕೊಡಬೇಕು. ಮಕ್ಕಳಿಗೆ ಅನ್ಯಾಯ ಆಗಬಾರದು.”

ದೂಜ ಗೋಡೆಗೊರಗಿ ನಿಂತ. ಅವನಿಗೆ ಸಿದ್ದರಾಮಪ್ಪ ಹೇಳಿದ್ದರೋ ಏನೋ. “ಸರ್, ಆ ಹುಡುಗಿ...” ಎಂದ.

“ಹತ್ತು ನಿಮಿಷ ಅಂದೆ.”

ಗಂಟೆ ಹೊಡೆಯಿತು. ತಿರುಮಲೇಶ ಕಿಟಕಿಯಿಂದ ನೋಡಿದ. ಪ್ರಫುಲ್ಲಾ ಮೆಟ್ಟಿಲಿಳಿದು ಸೀದಾ ಗೇಟಿಗೆ ಹೋದಳು. ಆ ಕಡೆ ಈ ಕಡೆ ನೋಡಿದಳು. ಡಬ್ಬಿ ಬಂದಿರಲಿಲ್ಲ. ಬಿಸಿಲಿಗೆ ಕೈ ಅಡ್ಡ ಹಿಡಿದು ಸ್ಟೇಷನ್ನಿನ ಕಡೆಯ ರಸ್ತೆ ನೋಡುತ್ತ ನಿಂತವಳನ್ನು ದೂಜ ಹೋಗಿ ಕರೆತಂದ.

“ಕೂತ್ಕೊ” ಎಂದ ತಿರುಮಲೇಶ. ಕೂತಳು. “ಹೇಗೆ ಬರೆದೆ?”

“ಅಚ್ಛಾ ಬರ್ದಿದ್ದೀನಿ ಸರ್. ನಾಲ್ಕನೇದು ಥೋಡಾ ಕನ್ಫ್ಯೂಸ್ ಆಯ್ತು. ಸಂಧಿಯ ಕಾರಣಗಳು.”

“ಅದಕ್ಕೆ ಐದು ಕಾರಣ ಬರೀಬೇಕು.”

“ನಾನು ಚಾರ್ ಬರ್ದೆ.”

“ನಾಲ್ಕು ಸಾಕು. ನೀರು ಕುಡಿ.”

ಅವಳು ಗ್ಲಾಸು ನೋಡಿದಳು, ಅವನನ್ನು ನೋಡಿದಳು. ಕುಡಿಯಲಿಲ್ಲ. ಕಟ್ಟಿಟ್ಟುಕೊಂಡಿದ್ದ ವಾಕ್ಯಗಳೆಲ್ಲ ಆ ನೋಟಕ್ಕೆ ಚೆಲ್ಲಾಪಿಲ್ಲಿಯಾದವು.

“ನಿಮ್ಮ ತಂದೆಗೆ ಸ್ವಲ್ಪ ಹುಷಾರಿಲ್ಲವಂತೆ. ಈಗ ತಾನೇ ಹೋಟೆಲಿನಿಂದ ಸುದ್ದಿ ಬಂತು.”

“ಬೆಳಿಗ್ಗೆ ತೋ ಚೆನ್ನಾಗಿದ್ರು.”

“ಆಸ್ಪತ್ರೆಯಲ್ಲಿದ್ದಾರೆ. ನಾನೇ ಕರಕೊಂಡು ಹೋಗ್ತೀನಿ ಬಾ.”

ರಸ್ತೆಗೆ ಬಂದು ಅವನು ಟ್ಯಾಕ್ಸಿಗೆ ಕೈ ಮಾಡಿದ. ಅಲ್ಲಿಯವರೆಗೆ ನಡೆದುಕೊಂಡು ಬಂದವಳು ಟ್ಯಾಕ್ಸಿ ಬಂದು ನಿಂತದ್ದೇ ತಡ, ಬಾಗಿಲಿನ ಹಿಡಿ ಹಿಡಿದು ಅಲ್ಲೇ ನಿಂತುಬಿಟ್ಟಳು. ಹೆಡ್‌ಮಾಸ್ಟರು ಬಸ್ಸಿನಲ್ಲಿ ಓಡಾಡುವವರು. ಅಡುಗೆಯವನ ಮಗಳಿಗಾಗಿ ಟ್ಯಾಕ್ಸಿ ಹಿಡಿಯುತ್ತಾರೆಂದರೆ ಅದರ ಅರ್ಥವನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ದಾರಿಯಲ್ಲಿ ಅವಳು ಒಂದೇ ಮಾತಾಡಿದಳು.

“ಡಬ್ಬಿ ತರಲಿಲ್ಲ ಅಂತ ನನಗೆ ಸಿಟ್ಟು ಬಂದಿತ್ತು ಸರ್.”

ಇದಕ್ಕೆ ಏನಾದರೂ ಹೇಳಬಹುದಿತ್ತು. ಯಾವ ಪುಸ್ತಕದಲ್ಲೂ ಇಲ್ಲದ, ಯಾರು ಬೇಕಾದರೂ ಹೇಳಬಹುದಾದ ಒಂದು ಮಾತು. ತಿರುಮಲೇಶ ಕಿಟಕಿಯಿಂದ ಹೊರಗೆ ನೋಡಿದ. ಮಿಲ್ಲಿನ ಗೋಡೆಯೊಂದು ಮುಗಿಯದೆ ಜೊತೆಗೇ ಬರುತ್ತಿತ್ತು.

ಆಸ್ಪತ್ರೆಯ ವರಾಂಡದಲ್ಲಿ ಸೀನ ನೆಲದ ಮೇಲೆ ಕೂತಿದ್ದ. ಸೋದರಸೊಸೆಯನ್ನು ಕಂಡು ಎದ್ದ. ಎದ್ದವನಿಗೆ ಏನು ಮಾಡಬೇಕೋ ತಿಳಿಯಲಿಲ್ಲ. ಅವಳ ತಲೆಯ ಮೇಲೆ ಕೈ ಇಟ್ಟ. ಅಷ್ಟಕ್ಕೇ ಅವಳಿಗೆ ತಿಳಿಯಿತು. ಅವಳು ಗೋಡೆಗೆ ಮುಖ ಮಾಡಿ ನಿಂತಳು, ಅಳು ಬರಲಿಲ್ಲ.

ಸೀನ ತಿರುಮಲೇಶನ ಹತ್ತಿರ ಬಂದ. ಬೈಯುತ್ತಾನೆ ಎಂದುಕೊಂಡ ತಿರುಮಲೇಶ. ಬೈದರೆ ಒಳ್ಳೆಯದು ಎನ್ನಿಸಿತು. ಸೀನ ಕೈಮುಗಿದ.

“ನೀವೇ ಬಂದ್ರಲ್ಲ ಮಾಷ್ಟ್ರೇ, ದೊಡ್ಡ ಉಪಕಾರ ಆಯ್ತು. ಭಾವ ಎರಡು ಹೊಡೆಯುವ ಹೊತ್ತಿಗೆ ಹೋದ್ರು. ಕಣ್ಣಿಗೆಲ್ಲ ಬಟ್ಟೆ ಸುತ್ತಿದ್ರು, ಏನೂ ಕಾಣುದಿಲ್ಲ. ಯಾರು ಹತ್ತಿರ ಬಂದ್ರೂ ಪ್ರಫುಲ್ಲನಾ, ಪ್ರಫುಲ್ಲನಾ ಅಂತ ಕೇಳುದು. ನಾನು ಮಾವ ಇದ್ದೇನಲ್ಲ ಭಾವ ಅಂದ್ರೆ, ನೀನು ಇದ್ದು ಏನು ಮಾಡುದು, ಮಗಳು ಎಲ್ಲಿ ಅಂತ ಬೈದ್ರು. ಚೆನ್ನಯ ಹನ್ನೊಂದೂವರೆಗೇ ನಿಮಗೆ ಹೇಳಿ, ಹೋಟೆಲಿಗೆ ಹೋಗುವಾಗ ಇಲ್ಲಿಗೂ ಬಂದು ತಿಳಿಸಿದ್ದ, ಈಗ ಬರ್ತಾಳೆ, ಈಗ ಬರ್ತಾಳೆ ಅಂತ ನಾನೂ ಬಾಗಿಲು ನೋಡಿದ್ದೇ ನೋಡಿದ್ದು. ಕೊನೆಗೆ ನೋಡ್ಲಿಕ್ಕೆ ಆಗ್ಲಿಲ್ಲ. ಒಬ್ಬಳು ನರ್ಸಮ್ಮನಿಗೆ ಕೈಮುಗಿದೆ. ಅವಳಿಗೆ ನಮ್ಮ ಭಾಷೆ ಬರುದಿಲ್ಲ. ಕೈ ಹಿಡ್ಕೊಳ್ಳಿ, ಹ್ಞೂ ಅಂತ ಹೇಳಿ, ಸಾಕು ಅಂದೆ. ಪರೀಕ್ಷೆ ಬರ್ದಿಯಾ ಅಂತ ಕೇಳಿದ್ರು. ಹ್ಞೂ ಅಂದ್ಳು. ತಿಂಡಿ ತಿಂದಿಯಾ ಅಂತ ಕೇಳಿದ್ರು. ಹ್ಞೂ ಅಂದ್ಳು. ಬಾಯಿಗೆ ನೀರು ಕೂಡ ಅವಳ ಕೈಯಿಂದಲೇ ಬಿಡಿಸಿದೆ. ಮಗಳ ಕೈಯ ನೀರು ಅಂತ ಗೊತ್ತಾಗ್ಲಿ ಅಂತ. ತಪ್ಪಾಯ್ತಾ ಮಾಷ್ಟ್ರೇ?”

ಗೋಡೆಯ ಕಡೆಯಿಂದ ಪ್ರಫುಲ್ಲಾ ತಿರುಗಿದ್ದಳು.

“ಈಗ ತಾನೇ ಸುದ್ದಿ ಬಂತು ಅಂದ್ರಲ್ಲ ಸರ್.”

“ನೋಡಮ್ಮ, ಪರೀಕ್ಷೆ ಅರ್ಧದಲ್ಲಿ...”

“ಪೇಪರು ನೀವೇ ತೆಗ್ದದ್ದಲ್ವಾ ಸರ್?”

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ತರಗತಿಯಲ್ಲಿ ಕೈಯೆತ್ತಿ ಅನುಮಾನ ಕೇಳುವ ದನಿಯೇ. ಹೌದು, ಪ್ರಶ್ನೆಪತ್ರಿಕೆ ಅವನೇ ತೆಗೆದದ್ದು. ಹಿಂದಿನ ವಾರ ಒಂದು ಸಂಜೆ, ಕಾಫಿ ಕುಡಿಯುತ್ತ, ಅರ್ಧ ಗಂಟೆಯಲ್ಲಿ. ಇನ್ನೊಂದನ್ನು ತೆಗೆಯಲು ಇನ್ನೊಂದು ಅರ್ಧ ಗಂಟೆ ಸಾಕಾಗಿತ್ತು. ಅವನಿಗೆ ನಾಚಿಕೆಯಾಯಿತು, ನಾಚಿಕೆಯಾದದ್ದು ಸತ್ತವನಿಗಾಗಿ ಅಲ್ಲ, ಸೀನನ ಎದುರಿಗೆ ಸುಳ್ಳು ಸಿಕ್ಕಿಬಿದ್ದದ್ದಕ್ಕೆ ಎಂಬುದೂ ಆಗಲೇ ಗೊತ್ತಾಯಿತು.

ಸೀನ, “ಹಾಗೆಲ್ಲ ಮಾಷ್ಟ್ರಿಗೆ ಕೇಳಬಾರದು ಮಗಾ” ಎಂದು ಅವಳ ತೋಳು ಹಿಡಿದು ಕರೆದುಕೊಂಡು ಹೋದ. ಶವವನ್ನು ಹಿಂದಿನ ಕಟ್ಟಡಕ್ಕೆ ಸಾಗಿಸಿದ್ದರು. ಪೊಲೀಸರು ಬಂದು ಬರೆದುಕೊಳ್ಳುವ ಮೊದಲು ಒಮ್ಮೆ ಮುಖ ನೋಡಬಹುದಂತೆ. ನೋಡಲು ಮುಖ ಎನ್ನುವುದು ಉಳಿದಿದ್ದರೆ. ತಿರುಮಲೇಶನನ್ನು ಯಾರೂ ಕರೆಯಲಿಲ್ಲ. ಬರಬೇಡಿ ಎಂದೂ ಹೇಳಲಿಲ್ಲ.

ಅವನ ಕಾಲು ಅವನನ್ನು ವಾರ್ಡಿನೊಳಗೆ ಕರೆದುಕೊಂಡು ಹೋಯಿತು. ಪೂವಪ್ಪ ಮಲಗಿದ್ದ ಮಂಚ ಯಾವುದೆಂದು ಕೇಳಬೇಕಾಗಿರಲಿಲ್ಲ, ಬರಿದಾಗಿದ್ದದ್ದು ಅದೊಂದೇ. ರಬ್ಬರ್ ಹಾಸು ಒರೆಸಿ ಒಣಗಲು ಬಿಟ್ಟಿದ್ದರು. ಅವನು ಅದರ ಪಕ್ಕದಲ್ಲಿ ನಿಂತ. ಇಲ್ಲಿ ನಿಂತರಾದರೂ ಏನಾದರೂ ಅನ್ನಿಸೀತು ಎಂದು ಕಾದ.

ಹಿಂದಿನಿಂದ ಒಂದು ಕೈ ಬಂದು ಅವನ ಮಣಿಕಟ್ಟನ್ನು ಹಿಡಿಯಿತು.

ಪಕ್ಕದ ಮಂಚದವನು. ತಲೆಯಿಂದ ಎದೆಯವರೆಗೆ ಬಟ್ಟೆ ಸುತ್ತಿದ್ದರು. ಬಾಯಿಯ ಜಾಗದಲ್ಲಿ ಒಂದು ತೂತು ಬಿಟ್ಟಿದ್ದರು. ಬೂಟಿನ ಸದ್ದು ಕೇಳಿಸಿರಬೇಕು. “ಕೋಣ್? ಬಾಳ್ಯಾ? ತೂ ಆಲಾಸ್ ಕಾ?” ಎಂದಿತು ಆ ತೂತು. ಯಾರು, ಬಾಳ್ಯಾನಾ, ಬಂದೆಯಾ. ಇಷ್ಟು ಮರಾಠಿ ಅವನಿಗೆ ಚೆನ್ನಾಗಿ ತಿಳಿಯುತ್ತಿತ್ತು.

ಹ್ಞೂ ಎಂದರೆ ಸಾಕಾಗಿತ್ತು. ಅಲ್ಲ ಎಂದರೂ ಸಾಕಾಗಿತ್ತು. ಕೈ ಬಿಡಿಸಿಕೊಳ್ಳಲು ನೋಡಿದ. ಹಿಡಿತ ಸಾಯುವವನದಂತೆ ಇರಲಿಲ್ಲ.

ಇಬ್ಬರು ವಾರ್ಡ್‌ಬಾಯ್‌ಗಳು ಕೊನೆಯ ಗಳಿಗೆಯವರಿಗೆ ಮರೆ ಕಟ್ಟುವ ಬಿಳಿ ಬಟ್ಟೆಯ ಪರದೆಯ ಚೌಕಟ್ಟುಗಳನ್ನು ತಳ್ಳಿಕೊಂಡು ಬಂದು ಅವನ ಮಂಚದ ಸುತ್ತ ನಿಲ್ಲಿಸತೊಡಗಿದರು. ಒಬ್ಬ ಹಿಡಿದ ಕೈಯನ್ನೂ ತಿರುಮಲೇಶನನ್ನೂ ನೋಡಿ, “ಘರ್‌ವಾಲೇ ಹೋ ಕ್ಯಾ ಸಾಬ್? ತೋ ಅಂದರ್ ಹೀ ರಹೋ” ಎಂದ, ಮನೆಯವರಾದರೆ ಒಳಗೇ ಇರಿ ಎಂದು. ಉತ್ತರಕ್ಕೆ ಕಾಯಲಿಲ್ಲ. ಕೊನೆಯ ಪರದೆಯನ್ನು ಎಳೆದು ಮುಚ್ಚಿದ. ಗಾಲಿಗಳ ಸದ್ದು ದೂರ ಹೋಯಿತು.

ಒಳಗೆ ಬಿಳುಪು ಬಿಟ್ಟು ಬೇರೆ ಏನೂ ಇರಲಿಲ್ಲ. “ಕೋಣ್?” ಎಂದಿತು ಬಾಯಿ ಮತ್ತೆ. ತಿರುಮಲೇಶ ತುಟಿ ತೆರೆದುಕೊಂಡು ನಿಂತೇ ಇದ್ದ, ಅದು ಇನ್ನೊಮ್ಮೆ ಕೇಳಿತು.